ಏಳು ವಾರದ ಹಸಿರು

ಹಳೇ ಗ್ರಂಥಾಲಯದ ನಲವತ್ತು ಸಾವಿರ ಪುಸ್ತಕಗಳನ್ನು ಹೊಸ ಕಟ್ಟಡಕ್ಕೆ ಸಾಗಿಸಿ ಜೋಡಿಸುವ ಕೆಲಸಕ್ಕೆ ನಾನು ಮುಖ್ಯಸ್ಥೆ. ನನ್ನ ಕೈಕೆಳಗೆ ಆರು ಜನ. ಕೈಕೆಳಗೆ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ, ಆದರೆ ನೇಮಕದ ಕಾಗದದಲ್ಲಿ ಹಾಗೇ ಇದೆ.

ಮೊದಲ ದಿನವೇ ಬಾಗಿಲ ಪಕ್ಕ ಒಂದು ಮರದ ಬೋರ್ಡು ತೂಗುಹಾಕಿಸಿದೆ. ಆರು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಮೊಳೆ. ಬೆಳಿಗ್ಗೆ ಬಂದವರು ಮೊಳೆಗೊಂದು ಚೀಟಿ ಸಿಕ್ಕಿಸಬೇಕು. ಕೆಲಸ ಸರಾಗವಾಗಿದ್ದರೆ ಹಸಿರು, ಎಲ್ಲಾದರೂ ಸಿಕ್ಕಿಹಾಕಿಕೊಂಡಿದ್ದರೆ ಕೆಂಪು.

"ಕೆಂಪು ಹಾಕಿದವರನ್ನ ಯಾರೂ ಬಯ್ಯಲ್ಲ. ಅವರ ಹತ್ತಿರ ಮೊದಲು ನಾನೇ ಬರ್ತೀನಿ," ಅಂದೆ. ಭಾಷಣ ಚೆನ್ನಾಗಿತ್ತು. ಕನ್ನಡಿ ಮುಂದೆ ಎರಡು ಸಲ ಹೇಳಿ ನೋಡಿಕೊಂಡಿದ್ದೆ.

ಮೂರನೇ ದಿನ ತಾತ ಕೆಂಪು ಹಾಕಿದರು. ತಾತ ಅಂದರೆ ನಮ್ಮ ಬೈಂಡರ್, ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವವರು, ಎಲ್ಲರಿಗಿಂತ ಹಿರಿಯರು. ಅಂಟು ಒಣಗುತ್ತಿಲ್ಲ ಅಂತ ಅವರ ತಕರಾರು.

"ಏನ್ ತಾತ, ನೀವೇ ಹೀಗೆ ಕೈಚೆಲ್ಲಿ ಕೂತ್ರೆ ಉಳಿದವರ ಗತಿ ಏನು?" ಅಂದೆ. ಎಲ್ಲರೂ ನಕ್ಕರು. ತಾತನೂ ನಕ್ಕು, ಎದ್ದು ಹೋಗಿ ಕೆಂಪು ತೆಗೆದು ಹಸಿರು ಸಿಕ್ಕಿಸಿದರು. ಹುರಿದುಂಬಿಸಿದೆ ಅಂತ ನಾನು ಬೀಗಿದೆ. ಅಂಟಿನ ಕಥೆ ಏನಾಯಿತೆಂದು ಕೇಳಲೇ ಇಲ್ಲ.

ಆಮೇಲೆ ಏಳು ವಾರ ಬೋರ್ಡು ಪೂರ್ತಿ ಹಸಿರು. ನಾನು ಫೋಟೋ ತೆಗೆದು ಮೇಲಿನವರಿಗೆ ಕಳಿಸುತ್ತಿದ್ದೆ. ಅಕ್ಕನಿಗೂ ಕಳಿಸುತ್ತಿದ್ದೆ, ಬೇರೆ ಯಾರಿಗೆ ಕಳಿಸಲಿ?

ಊಟದ ಹೊತ್ತಿಗೆ ಆರು ಜನರೂ ಹಿಂದಿನ ಮೆಟ್ಟಿಲಿಗೆ ಹೋಗುತ್ತಿದ್ದರು. ಅಲ್ಲಿಂದ ನಗು ಕೇಳುತ್ತಿತ್ತು. ಒಮ್ಮೆ ನಾನೂ ಡಬ್ಬಿ ಹಿಡಿದುಕೊಂಡು ಹೋದೆ. ಎಲ್ಲರೂ ಎದ್ದು ನಿಂತರು. "ಬನ್ನಿ ಮೇಡಂ, ಕೂತ್ಕೊಳ್ಳಿ," ಅಂತ ಒಳ್ಳೇ ಜಾಗ ಬಿಟ್ಟುಕೊಟ್ಟರು. ಮಾತು ನಿಂತುಹೋಯಿತು. ಅಷ್ಟೊಂದು ಮರ್ಯಾದೆಯ ನಡುವೆ ನನಗೆ ತುತ್ತು ಇಳಿಯಲಿಲ್ಲ. ಮರುದಿನದಿಂದ ನನ್ನ ಮೇಜಿನಲ್ಲೇ ಉಂಡೆ, ಫೈಲು ನೋಡುವವಳ ಹಾಗೆ ನಟಿಸುತ್ತ.

ಆ ಏಳು ವಾರ ಮುಗಿದ ಮೇಲೆ ಒಂದು ದಿನ, ಭೂಪಟದ ಪುಸ್ತಕವೊಂದನ್ನು ಹುಡುಕಿಕೊಂಡು ಹದಿನಾರನೇ ಸಾಲಿಗೆ ಹೋದೆ. ದೊಡ್ಡ ಗಾತ್ರದ ಪುಸ್ತಕಗಳ ಸಾಲು ಅದು. ಕಪಾಟಿನ ಅಡ್ಡಹಲಗೆಗಳೆಲ್ಲ ಜಾಗ ಬದಲಿಸಿದ್ದವು. ಹಳೇ ತೂತುಗಳನ್ನು ಮುಚ್ಚಿ ನೀಟಾಗಿ ಬಣ್ಣ ಬಳಿದಿದ್ದರು. ಕನ್ನಡಕವನ್ನು ಕರೆದೆ. ಪುಸ್ತಕಗಳಿಗೆ ನಂಬರು ಅಂಟಿಸುವ ಹುಡುಗಿ ಅವಳು, ದಪ್ಪ ಗಾಜಿನಿಂದಾಗಿ ಆ ಹೆಸರು ಬಿದ್ದಿತ್ತು.

"ಇದೇನಮ್ಮಾ?"

"ಹಲಗೆ ಹಲಗೆ ನಡುವೆ ಎರಡು ಬೆರಳಷ್ಟು ಜಾಗ ಕಮ್ಮಿ ಬಿತ್ತು ಮೇಡಂ. ದೊಡ್ಡ ಪುಸ್ತಕ ನಿಲ್ತಾ ಇರಲಿಲ್ಲ. ಬಡಗಿ ಅಣ್ಣ ಎಲ್ಲ ಬಿಚ್ಚಿ ಮತ್ತೆ ಕೂರಿಸಿದ್ರು. ನಾವೂ ಸೇರ್ಕೊಂಡ್ವಿ. ಎರಡು ಭಾನುವಾರ ಹಿಡೀತು."

"ಅಳತೆ ಕೊಟ್ಟಿದ್ದು ಯಾರು?"

ಅವಳು ನೆಲ ನೋಡಿದಳು. "ನೀವೇ ಮೇಡಂ."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ತಾತ ಬೇಡ ಅಂದ್ರು. ಪಾಪ, ಮೇಡಂ ಬೇಜಾರು ಮಾಡ್ಕೋತಾರೆ ಅಂದ್ರು."

ನನ್ನನ್ನು ಬೈದುಕೊಂಡಿದ್ದರೂ ತಡೆದುಕೊಳ್ಳುತ್ತಿದ್ದೆ. ಆ "ಪಾಪ" ಅನ್ನುವ ಮಾತೇ ಎದೆಗೆ ನಾಟಿತು. ಆ ಎರಡೂ ಭಾನುವಾರ ನಾನು ಮನೆಯಲ್ಲಿ ಒಬ್ಬಳೇ ಇದ್ದೆ. ಮಾಡಲು ಏನೂ ತೋಚದೆ, ಒಗೆದ ಪರದೆಗಳನ್ನೇ ಮತ್ತೆ ಒಗೆದಿದ್ದೆ. ಕರೆದಿದ್ದರೆ ಓಡಿ ಬರುತ್ತಿದ್ದೆ, ಸ್ಕ್ರೂ ಹಿಡಿದುಕೊಂಡು ನಿಲ್ಲುವುದಕ್ಕಾದರೂ.

ಸಂಜೆ ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡೆ.

"ಚಿಕ್ಕೋಳಿದ್ದಾಗಿಂದ ನೀನು ಹಾಗೇ ಕಣೇ," ಅಂದಳು. "ಯಾರಾದ್ರೂ ಕಷ್ಟ ಹೇಳ್ಕೊಂಡ್ರೆ ತಮಾಷೆ ಮಾಡಿ ಕಳಿಸಿಬಿಡ್ತೀಯ. ಹೋಗ್ಲಿ, ನಿನ್ನ ಕಷ್ಟ ನೀನು ಅವರ ಹತ್ತಿರ ಯಾವತ್ತಾದ್ರೂ ಹೇಳಿದ್ದೀಯಾ?"

ಇವಳೊಬ್ಬಳು ದೊಡ್ಡ ಬುದ್ಧಿವಂತೆ ಅಂತ ಸಿಡುಕಿ ಫೋನ್ ಇಟ್ಟೆ. ಆದರೆ ಮಾತು ತಲೆಯಲ್ಲಿ ಕೂತಿತು.

ಮರುದಿನ ಎಲ್ಲರಿಗಿಂತ ಮೊದಲೇ ಹೋದೆ. ಆರು ಹೆಸರುಗಳ ಕೆಳಗೆ "ನಾನು" ಅಂತ ಬರೆದು, ಮೊಳೆ ಹೊಡೆದು, ಕೆಂಪು ಚೀಟಿ ಸಿಕ್ಕಿಸಿದೆ. ಏಳು ವಾರದಿಂದ ಚೀಟಿಗಳ ಡಬ್ಬದಲ್ಲೇ ಇದ್ದು ಅದು ಹೊಸದರ ಹಾಗೇ ಇತ್ತು. ನನ್ನ ಕೋಣೆಯ ಬಾಗಿಲು ತೆರೆದಿಟ್ಟುಕೊಂಡು ಕೂತೆ. ಯಾರಾದರೂ ಬಂದು ಏನಾಯಿತೆಂದು ಕೇಳಿದರೆ, ಅಳತೆ ತಪ್ಪು ಕೊಟ್ಟಿದ್ದು ನಾನು, ನನ್ನನ್ನೂ ನಿಮ್ಮ ಜೊತೆ ಸೇರಿಸಿಕೊಳ್ಳಿ ಅಂತ ಹೇಳಬೇಕು. ಈ ಸಲ ಕನ್ನಡಿ ಮುಂದೆ ಹೇಳಿ ನೋಡಿರಲಿಲ್ಲ.

ಒಬ್ಬೊಬ್ಬರೇ ಬಂದ ಸದ್ದಾಯಿತು. ಬೋರ್ಡಿನ ಹತ್ತಿರ ಪಿಸುಮಾತು. ಆಮೇಲೆ ತಾತನ ನಿಧಾನದ ಹೆಜ್ಜೆ. ನಾನು ಕುರ್ಚಿ ಬಿಟ್ಟು ಎದ್ದೆ. ಹೆಜ್ಜೆ ಒಂದು ಗಳಿಗೆ ನಿಂತು, ಆಚೆ ಹೋಯಿತು. ದಿನದಂತೆ ಪೆಟ್ಟಿಗೆಗಳ ಟೇಪು ಕೀಳುವ ಸದ್ದು ಶುರುವಾಯಿತು.

ಮಧ್ಯಾಹ್ನದವರೆಗೂ ಕಾದೆ. ಯಾರೂ ಬರಲಿಲ್ಲ. ಹೊರಗೆ ಬಂದು ನೋಡಿದರೆ, "ನಾನು" ಪಕ್ಕದ ಮೊಳೆಯಲ್ಲಿ ಹಸಿರು ಚೀಟಿ.

ತಾತ ಅಂಟಿನ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದರು. ದನಿ ತಗ್ಗಿಸಿ, "ಬೆಳಿಗ್ಗೆ ಆತುರದಲ್ಲಿ ಕೆಂಪು ಸಿಕ್ಕಿಸಿಬಿಟ್ಟಿದ್ರಿ ಮೇಡಂ. ಮೇಲಿನವರ ಕಣ್ಣಿಗೆ ಬೀಳೋದ್ರೊಳಗೆ ನಾನೇ ಸರಿ ಮಾಡಿದೆ," ಅಂದರು. ಆ ಮುಖದಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ, ಬರೀ ಅಕ್ಕರೆ.

ಇಲ್ಲ ತಾತ, ಅದು ಕೆಂಪೇ, ಅನ್ನಬೇಕಿತ್ತು. ಮಾತು ಬಾಯಿಯವರೆಗೂ ಬಂದಿತ್ತು. ಆದರೆ ಆ ಮೂರನೇ ದಿನ ಅವರು ನಕ್ಕ ಹಾಗೇ ನಾನೂ ನಕ್ಕೆ.

"ಥ್ಯಾಂಕ್ಸ್ ತಾತ," ಅಂದೆ.

ಅವರು ಊಟಕ್ಕೆ ಮೆಟ್ಟಿಲ ಕಡೆ ಹೋದರು. ನಾನು ನನ್ನ ಮೇಜಿಗೆ ಬಂದು ಡಬ್ಬಿ ತೆರೆದೆ.