ಮಹಾನಂದಾಳನ್ನು ಹರಾಜಿಗೆ ಬಿಟ್ಟದ್ದು

ಪೀಣ್ಯದ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚು, ಮ್ಯಾನೇಜರು, ನೀರಿನ ಬಾಟಲಿ ತುಂಬಿಸುವವಳು, ಎಲ್ಲ ನಾನೇ. ಹೆಸರು ವಾಸಂತಿ. ಸ್ಪೋರ್ಟ್ಸ್ ಕೋಟಾದಲ್ಲಿ ಸರ್ಕಾರಿ ಕಾರ್ಖಾನೆ ಸೇರಿ, ಅದಕ್ಕೇ ಆಡಿ, ಅಲ್ಲಿಂದಲೇ ನಿವೃತ್ತಳಾದವಳು. ಈ ಆಟದ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೂ ಪ್ರತಿ ಶನಿವಾರ ಬೆಳಿಗ್ಗೆ ಇಬ್ಬರು ನನ್ನ ಮನೆಗೆ ಬಂದು, ನನ್ನದೇ ಕಾಫಿ ಕುಡಿದು, ಪಾಠ ಹೇಳಿ ಹೋಗುತ್ತಾರೆ.

ಒಬ್ಬ ಅನುರಾಗ್, ಪಕ್ಕದ ಮನೆಯವನು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗನ್ನು ಉಸಿರಾಡುತ್ತಾನೆ. ಇನ್ನೊಬ್ಬ ಸೀನ, ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದವನು, ಈಗ ಪೀಣ್ಯದಲ್ಲಿ ಸ್ವಂತ ಲೇತ್ ವರ್ಕ್‌ಶಾಪ್ ಇಟ್ಟಿದ್ದಾನೆ. ಅಮೆರಿಕದಲ್ಲಿ ರಾತ್ರಿ ನಡೆಯುವ ಪಂದ್ಯ ನಮಗೆ ಇಲ್ಲಿ ತಿಂಡಿ ಹೊತ್ತಿಗೆ ಟಿ.ವಿ.ಯಲ್ಲಿ ಬರುತ್ತದೆ. ಪಂದ್ಯ ನೋಡುವುದು ಸ್ವಲ್ಪ, ಜಗಳ ಜಾಸ್ತಿ. ಜಗಳವೂ ಆಟದ ಮೇಲಲ್ಲ. ಯಾವ ತಂಡ ಯಾರಿಗೆ ಎಷ್ಟು ವರ್ಷದ ಕಾಂಟ್ರಾಕ್ಟ್ ಕೊಟ್ಟಿತು, ಯಾಕೆ ಕೊಟ್ಟಿತು, ಕೊಟ್ಟವನಿಗೆ ತಲೆ ನೆಟ್ಟಗಿದೆಯೇ, ಇದರ ಮೇಲೆ.

ಆವತ್ತೂ ಅದೇ ನಡೆದಿತ್ತು. ವಯಸ್ಸಾದ ಆಟಗಾರನೊಬ್ಬನಿಗೆ ಯಾವುದೋ ತಂಡ ನಾಲ್ಕು ವರ್ಷ ಬರೆದುಕೊಟ್ಟಿತ್ತಂತೆ.

"ಹುಚ್ಚುತನ ಆಂಟಿ," ಅಂದ ಅನುರಾಗ್. "ಅಲ್ಲಿ ಸ್ಯಾಲರಿ ಕ್ಯಾಪ್ ಇದೆ. ಸಂಬಳಕ್ಕೆ ಒಂದು ಮಿತಿ. ಇಡೀ ತಂಡ ಅಷ್ಟರೊಳಗೇ ಬರ್ಬೇಕು. ಇವನೊಬ್ನೇ ಮುಕ್ಕಾಲು ತಿಂದ್ಬಿಟ್ರೆ ಮಿಕ್ಕೋರಿಗೆ ಏನ್ ಕೊಡ್ತಾರೆ?"

"ಹನ್ನೆರಡು ವರ್ಷ ಅದೇ ತಂಡಕ್ಕೆ ಆಡಿದಾನಲ್ಲೋ," ಅಂದ ಸೀನ. "ಮಂಡಿ ನೋವು ಬಂತು ಅಂತ ಬೀದಿಗೆ ಹಾಕ್ಬೇಕಾ?"

"ಬೀದಿ ಏನ್ ಬಂತು ಅಂಕಲ್, ಫ್ರೀ ಏಜೆಂಟ್ ಆಗ್ತಾನೆ. ಯಾರು ಕರೆದ್ರೆ ಅವರ ಹತ್ರ ಹೋಗ್ತಾನೆ."

"ನಮ್ಮ ಕಾಲದಲ್ಲಿ ಹಂಗಂದಿದ್ರೆ ಒದೀತಿದ್ರು. ಒಂದ್ಸಲ ಕಾರ್ಖಾನೆ ಸೇರಿದ್ರೆ ಆಯ್ತು. ಕ್ವಾರ್ಟರ್ಸು, ಕ್ಯಾಂಟೀನು, ರಿಟೈರ್ಮೆಂಟು. ಯಾರು ಎಲ್ಲಿಗೋಗ್ತಿದ್ರು?"

ಇಬ್ಬರಿಗೂ ಬಾಯಿ ಮುಚ್ಚಲು ಹೇಳಿದೆ. ನನಗೆ ಆವತ್ತು ಅಮೆರಿಕದ ಚಿಂತೆ ಇರಲಿಲ್ಲ, ನಮ್ಮದೇ ಲೀಗಿನ ಚಿಂತೆ ಇತ್ತು. ಬೆಂಗಳೂರಿನ ಸುತ್ತ ಇರುವ ಕೈಗಾರಿಕಾ ಪ್ರದೇಶಗಳಿಗೆಲ್ಲ ಸೇರಿ ಒಂದು ಮಹಿಳಾ ಲೀಗ್ ನಡೆಯುತ್ತದೆ. ಪೀಣ್ಯ, ಜಿಗಣಿ, ವೈಟ್‌ಫೀಲ್ಡ್, ಆನೇಕಲ್, ಹೀಗೆ. ಇಲ್ಲಿ ದುಡ್ಡಿಲ್ಲ, ಪಾಯಿಂಟು. ಒಂದೊಂದು ತಂಡಕ್ಕೆ ನೂರು ಪಾಯಿಂಟ್ ಕೊಡುತ್ತಾರೆ, ಅದರಲ್ಲೇ ಹರಾಜಿನಲ್ಲಿ ಆಟಗಾರ್ತಿಯರನ್ನು ಕೊಳ್ಳಬೇಕು. ಹರಾಜಿಗೆ ಬಿಡದೆ ಒಬ್ಬಳನ್ನು ಉಳಿಸಿಕೊಂಡರೆ ನಲವತ್ತು ಪಾಯಿಂಟ್ ಹೋಯಿತು. ಬಿಟ್ಟರೆ ಅವಳು ಫ್ರೀ ಏಜೆಂಟ್.

ನನ್ನ ಹತ್ತಿರ ಇಬ್ಬರಿದ್ದರು. ಅಮೂಲ್ಯಾ, ಆರಡಿ ಎತ್ತರದ ಹುಡುಗಿ, ನಮ್ಮ ಕಾಲೋನಿಯವಳೇ. ಇನ್ನೊಬ್ಬಳು ಮಹಾನಂದಾ.

ಮಹಾನಂದಾಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಬಾಗಲಕೋಟೆ ಕಡೆಯ ಹುಡುಗಿ, ಮಾದನಾಯಕನಹಳ್ಳಿಯಲ್ಲಿ ಒಂದು ಬಾಡಿಗೆ ರೂಮು, ತುಮಕೂರು ರಸ್ತೆಯ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ. ಕುಳ್ಳಿ. ಆದರೆ ಚೆಂಡು ಅವಳ ಕೈಗೆ ಬಂದರೆ ಮೈದಾನದಲ್ಲಿ ಯಾರು ಎಲ್ಲಿದ್ದಾರೆ ಎಂದು ತಿರುಗಿ ನೋಡದೆಯೇ ಅವಳಿಗೆ ಗೊತ್ತಿರುತ್ತದೆ. ಮೂರು ವರ್ಷದ ಹಿಂದೆ ನಮ್ಮ ಮೈದಾನದ ಕಾಂಪೌಂಡಿನ ಹೊರಗೆ ನಿಂತು ನೋಡುತ್ತಿದ್ದವಳನ್ನು ಒಳಗೆ ಕರೆದವಳು ನಾನು. ಮಗಳು ಅಂತ ಬಾಯಿಬಿಟ್ಟು ಹೇಳಿಲ್ಲ. ಹಬ್ಬಕ್ಕೆ ಅವಳಿಲ್ಲದೆ ನನ್ನ ಮನೆಯಲ್ಲಿ ಎಲೆ ಹಾಕಿಲ್ಲ, ಅಷ್ಟೆ. ಅವಳು ಬೇರೆ ತಂಡದ ಜೆರ್ಸಿ ಹಾಕುವುದನ್ನು ನೋಡುವುದಕ್ಕಿಂತ ನಾನು ತಂಡವನ್ನೇ ಮುಚ್ಚಿಬಿಡುತ್ತಿದ್ದೆ.

"ಇಬ್ರನ್ನೂ ಉಳಿಸ್ಕೊಂಡ್ರೆ ಎಂಬತ್ತು ಹೋಯ್ತು," ಅಂದ ಅನುರಾಗ್. "ಮಿಕ್ಕ ಇಪ್ಪತ್ತರಲ್ಲಿ ಏನ್ ತಂಡ ಕಟ್ತೀರಾ? ಹೋದ್ಸಲ ಫೈನಲ್ ಸೋತಿದ್ದು ಬೆಂಚಲ್ಲಿ ಜನ ಇಲ್ದೆ. ಜಾಗ ಬೇಕು ಆಂಟಿ, ಕ್ಯಾಪಲ್ಲಿ ಜಾಗ."

"ಅಮೂಲ್ಯಾನ ಬಿಟ್ರೆ ವೈಟ್‌ಫೀಲ್ಡಿನೋರು ಕಣ್ಮುಚ್ಚಿ ಎತ್ಕೊಂಡೋಗ್ತಾರೆ," ಅಂದ ಸೀನ. "ಕಾರು ಕಳಿಸ್ತಾರೆ ಬೇಕಾದ್ರೆ."

ಆಗ ಹೊಳೆದದ್ದು ನನಗೇ. ಇದನ್ನು ಅನುರಾಗನ ತಲೆಗೆ ಕಟ್ಟುವ ಹಾಗಿಲ್ಲ.

"ಮಹಾನಂದಾನ ಬಿಡೋಣ," ಅಂದೆ. "ಹರಾಜಲ್ಲಿ ವಾಪಸ್ ತಗೊಳ್ಳೋಣ. ಹತ್ತಕ್ಕೋ ಹದಿನೈದಕ್ಕೋ ಸಿಕ್ತಾಳೆ."

"ಬೇರೆಯವರು ಕೂಗಿದ್ರೆ?" ಅಂದ ಸೀನ.

"ಯಾರು ಕೂಗ್ತಾರೆ? ಅವಳಿರೋದು ಮಾದನಾಯಕನಹಳ್ಳೀಲಿ. ಪ್ರಾಕ್ಟೀಸು ಸಾಯಂಕಾಲ ಆರಕ್ಕೆ. ಗೋದಾಮಿಂದ ಐದಕ್ಕೆ ಬಿಟ್ಟು, ಮೂರು ಬಸ್ಸು ಹತ್ತಿ ಊರಿನ ಆ ತುದಿ ಜಿಗಣಿ ಮುಟ್ಟೋ ಹೊತ್ಗೆ ಅಲ್ಲಿ ಲೈಟ್ ಆರ್ಸಿರ್ತಾರೆ. ಪೀಣ್ಯ ಬಿಟ್ಟು ಇನ್ಯಾರಿಗೂ ಅವಳಿಂದ ಉಪ್ಯೋಗ ಇಲ್ಲ ಕಣೋ."

ಸೀನ ತೊಡೆ ತಟ್ಟಿದ. ಅನುರಾಗ್ ಎದ್ದು ನಿಂತು ನನಗೆ ಕೈ ಮುಗಿದ. ಅಮೆರಿಕದಲ್ಲಿ ಇಂಥ ತಲೆಗೆ ಕೋಟಿಗಟ್ಟಲೆ ಕೊಟ್ಟು ಮ್ಯಾನೇಜರ್ ಮಾಡುತ್ತಾರೆ ಎಂದ. ನನಗೂ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅವರದು ಸಂಬಳದ ಲೆಕ್ಕ, ನಮ್ಮದು ಟ್ರಾಫಿಕ್ಕಿನ ಲೆಕ್ಕ. ಈ ಊರಿನಲ್ಲಿ ಗೊರಗುಂಟೆಪಾಳ್ಯದ ಜಂಕ್ಷನ್ ದಾಟಿ ಯಾರು ಯಾರನ್ನು ಕದಿಯಲು ಬರುತ್ತಾರೆ?

ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಮಹಾನಂದಾಳಿಗೆ ನಾನೇ ಹೇಳಿದೆ. ಬೇರೆಯವರಿಂದ ತಿಳಿಯುವುದು ಸರಿಯಲ್ಲ.

"ಉಳಿಸ್ಕೊಳ್ಳೋರ ಲಿಸ್ಟಲ್ಲಿ ನಿನ್ನ ಹೆಸರಿರಲ್ಲ. ತಲೆ ಕೆಡಿಸ್ಕೋಬೇಡ. ಹರಾಜಲ್ಲಿ ನಾನೇ ತಗೋತೀನಿ, ಕಮ್ಮೀಗೆ ಬರ್ತೀಯ, ತಂಡಕ್ಕೆ ಒಳ್ಳೇದು."

ಅವಳು ಬೂಟಿನ ಲೇಸು ಬಿಚ್ಚುತ್ತಿದ್ದಳು. "ನಲವತ್ತು ಜಾಸ್ತಿ ಆತೇನ್ರಿ ಮೇಡಂ?" ಎಂದಳು.

"ನಿನಗೆ ಜಾಸ್ತಿ ಅಂತಲ್ಲಮ್ಮ. ಸುಮ್ನೆ ಕೊಡೋದ್ಯಾಕೆ ಅಂತ."

"ಆತ್ರಿ," ಅಂದಳು. ಬೂಟು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದಳು. ಅವಳಿಗೆ ಅರ್ಥವಾಯಿತು ಎಂದುಕೊಂಡೆ.

ಲಿಸ್ಟುಗಳು ಹೊರಬಿದ್ದವು. ಜಿಗಣಿಯವರು ಒಬ್ಬಳನ್ನೂ ಉಳಿಸಿಕೊಂಡಿರಲಿಲ್ಲ, ನೂರಕ್ಕೆ ನೂರೂ ಇಟ್ಟುಕೊಂಡು ಕೂತಿದ್ದರು. ನಾವು ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಜಿಗಣಿಯ ಮ್ಯಾನೇಜರ್ ಮುನೀಂದ್ರ ಅಂತ, ಔಷಧಿ ಡಬ್ಬಿ ಮಾಡುವ ಒಂದು ಯೂನಿಟ್ಟಿನ ಮಾಲೀಕ, ಮೆತ್ತಗೆ ಮಾತಾಡುವ ಆಸಾಮಿ. ಪಾಪ, ಅವನಿಗೆ ಆಟ ಗೊತ್ತಿಲ್ಲ ಎಂದು ನಾನೇ ಹೇಳಿದ್ದೆ.

ಹರಾಜು ಭಾನುವಾರ ಬೆಳಿಗ್ಗೆ, ಜಿಗಣಿಯ ಒಂದು ಕಲ್ಯಾಣ ಮಂಟಪದಲ್ಲಿ. ಮಹಾನಂದಾಳನ್ನು ನಾನೇ ಕರೆದುಕೊಂಡು ಹೋಗುವುದೆಂದು ಅನುರಾಗನ ಕಾರಿನಲ್ಲಿ ಮಾದನಾಯಕನಹಳ್ಳಿಗೆ ಹೋದೆವು. ಸೀನ ಹಿಂದಿನ ಸೀಟಿನಲ್ಲಿ ಅವಳಿಗೆ ಅಂತ ಇಡ್ಲಿ ಪೊಟ್ಟಣ ಹಿಡಿದುಕೊಂಡಿದ್ದ. ಎರಡು ದಿನದಿಂದ ಅವಳು ಫೋನ್ ತೆಗೆದಿರಲಿಲ್ಲ, ಡಬಲ್ ಶಿಫ್ಟ್ ಇರಬೇಕು ಎಂದುಕೊಂಡಿದ್ದೆ. ರೂಮಿನ ಬಾಗಿಲು ತೆರೆದಿತ್ತು. ಒಳಗೆ ಏನೂ ಇರಲಿಲ್ಲ. ಪಕ್ಕದ ರೂಮಿನ ಚನ್ನಕ್ಕ ಹೊಸ್ತಿಲ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

"ಮಹಾನಂದಾ ಎಲ್ಲಮ್ಮ?"

"ನಿನ್ನೆ ಖಾಲಿ ಮಾಡಿಕ್ಯಾಂಡ್ ಹೋದ್ಲಲ್ರಿ. ಜಿಗಣಿಗಂತ. ಔಷಧಿ ಡಬ್ಬಿ ಫ್ಯಾಕ್ಟ್ರ್ಯಾಗ ಕೆಲ್ಸಾ, ಅಲ್ಲೇ ಹಾಸ್ಟೆಲ್ಲು ಅಂದ್ಲು."

"ನಿನ್ನೆ? ಒಂದೇ ದಿನದಲ್ಲಿ ಮನೆ ಖಾಲಿ ಮಾಡಿದ್ಲಾ?"

ಚನ್ನಕ್ಕ ನನ್ನನ್ನು ವಿಚಿತ್ರವಾಗಿ ನೋಡಿದಳು. "ಖಾಲಿ ಮಾಡಾಕ ಏನೈತ್ರಿ? ಒಂದ್ ಚೀಲ, ಒಂದ್ ಬಕೀಟು. ನಾವೆಲ್ಲಾ ಹಂಗಽ ಅಲ್ರಿ, ಕೆಲ್ಸ ಇದ್ದಲ್ಲಿ ಮನಿ."

ಕಾರನ್ನು ಜಿಗಣಿಯ ಕಡೆ ತಿರುಗಿಸಿದೆವು. ಮೂವತ್ನಾಲ್ಕು ವರ್ಷ ಒಂದೇ ಕಾಲೋನಿಯಲ್ಲಿ ಕಳೆದವಳು ನಾನು, ಅಲ್ಲೇ ಸೈಟು, ಅಲ್ಲೇ ಮನೆ. ಸೀನನದೂ ಅದೇ ಕಥೆ, ಅನುರಾಗನ ಅಪ್ಪನದೂ ಅದೇ. ವಿಳಾಸ ಅಂದರೆ ಕಲ್ಲಿನ ಮೇಲೆ ಕೆತ್ತಿದ್ದು ಎಂದುಕೊಂಡ ಜನ ನಾವು. ಎಷ್ಟು ಬಸ್ಸು, ಎಷ್ಟು ಸಿಗ್ನಲ್ಲು, ಎಲ್ಲ ಲೆಕ್ಕ ಹಾಕಿದ್ದೆವು. ಅವಳು ಬಸ್ಸು ಹತ್ತದೆ ಮನೆಯನ್ನೇ ಅಲ್ಲಿಗೆ ಒಯ್ಯಬಹುದು ಎಂದು ಮೂವರಲ್ಲಿ ಒಬ್ಬರ ತಲೆಗೂ ಬರಲಿಲ್ಲ.

"ಆಂಟಿ, ಅಮೂಲ್ಯಾಗೆ ನಲವತ್ತು ಹೋದ್ರೂ ನಮ್ಮ ಹತ್ರ ಅರವತ್ತಿದೆ," ಅಂದ ಅನುರಾಗ್, ನೈಸ್ ರೋಡಿನ ಟೋಲ್ ದಾಟಿದ ಮೇಲೆ. "ಮುನೀಂದ್ರ ಮೂವತ್ತರ ಮೇಲೆ ಹೋಗಲ್ಲ. ಹೋದ್ರೆ ಮೂರ್ಖ."

"ನಾವೂ ಅವನ್ನ ಮೂರ್ಖ ಅಂತಾನೇ ಅಂದಿದ್ವಿ," ಅಂದ ಸೀನ.

ಮಂಟಪದಲ್ಲಿ ಆಟಗಾರ್ತಿಯರು ಒಂದು ಕಡೆ ಕೂತಿದ್ದರು. ಮಹಾನಂದಾ ಎರಡನೇ ಸಾಲಿನಲ್ಲಿದ್ದಳು. ನನ್ನನ್ನು ನೋಡಿ ಎದ್ದು ನಿಂತು ನಮಸ್ಕಾರ ಮಾಡಿದಳು, ಮತ್ತೆ ಕೂತಳು. ಬೈಯಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬದಿಗಿಟ್ಟು ನಮ್ಮ ತಂಡದ ಕುರ್ಚಿಗೆ ಹೋದೆ. ಹರಾಜಿನಲ್ಲಿ ಜಿಗಣಿಯವರಿಗೆ ಸಿಗದೆ ಹೋದರೆ ಅವಳು ಆ ಕೆಲಸ, ಹಾಸ್ಟೆಲು ಬಿಟ್ಟು ಮತ್ತೆ ನಮ್ಮ ಕಡೆ ರೂಮು ಹುಡುಕಬೇಕಾಗಿತ್ತು, ಇಲ್ಲವೇ ಆಟವನ್ನೇ ಬಿಡಬೇಕಾಗಿತ್ತು. ಅಷ್ಟೂ ಗೊತ್ತಿದ್ದೇ ರೂಮು ಬಿಟ್ಟು ಬಂದಿದ್ದಳು ಹುಡುಗಿ.

ಅವಳ ಹೆಸರು ಬಂತು. ನಾನು ಹತ್ತು ಅಂದೆ. ಮುನೀಂದ್ರ ಇಪ್ಪತ್ತು ಅಂದ. ನಾನು ಇಪ್ಪತ್ತೈದು, ಅವನು ಮೂವತ್ತೈದು. ಬೇರೆ ತಂಡದವರು ನಮ್ಮಿಬ್ಬರ ಮುಖವನ್ನು ತಿರುಗಿ ತಿರುಗಿ ನೋಡತೊಡಗಿದರು. ನಾನು ನಲವತ್ತು ಅಂದಾಗ ಅನುರಾಗ್ ನನ್ನ ಸೆರಗು ಎಳೆದ.

"ಸಾಕು ಆಂಟಿ. ಇದರ ಮೇಲೆ ಹೋದ್ರೆ ಕೆಟ್ಟ ಕಾಂಟ್ರಾಕ್ಟು."

"ಕೈ ತೆಗಿ," ಅಂದೆ.

ಮುನೀಂದ್ರ ನಲವತ್ತೈದು ಅಂದ, ಅದೇ ಮೆತ್ತಗಿನ ದನಿಯಲ್ಲಿ. ನಾನು ಐವತ್ತು. ಅವನು ಐವತ್ತೈದು. ನಾನು ಅರವತ್ತು ಅಂದೆ, ಎದ್ದು ನಿಂತು. ಇನ್ನು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಅವಳು ಸಿಕ್ಕರೆ ಮಿಕ್ಕ ತಂಡವನ್ನು ಹರಾಜಾಗದೆ ಉಳಿದ ಹುಡುಗಿಯರಿಂದ ತುಂಬಿಸಬೇಕಿತ್ತು, ಬೆಂಚು ಮತ್ತೆ ಬಡವಾಗುತ್ತಿತ್ತು, ಮತ್ತೆ ಫೈನಲ್ ಸೋಲಬಹುದಿತ್ತು. ಸೋಲಲಿ. ಜೀವನದಲ್ಲಿ ಅಷ್ಟು ಆಸೆಯಿಂದ ನಾನು ಯಾವ ನಂಬರನ್ನೂ ಕೂಗಿಲ್ಲ.

ಮುನೀಂದ್ರ ತನ್ನ ಹಾಳೆ ನೋಡಿಕೊಂಡ. ಆಮೇಲೆ ಮಹಾನಂದಾಳ ಕಡೆ ನೋಡಿದ. "ಅರವತ್ತೊಂದು," ಅಂದ.

ಸುತ್ತಿಗೆ ಬಿತ್ತು. ಈ ಲೀಗಿನಲ್ಲಿ ಯಾರಿಗೂ ಇಷ್ಟು ಬಿದ್ದಿರಲಿಲ್ಲ. ಮಂಟಪವೆಲ್ಲ ಚಪ್ಪಾಳೆ ತಟ್ಟಿತು, ಸೀನನೂ ತಟ್ಟಿದ, ನಾನು ಗುರಾಯಿಸಿದ ಮೇಲೆ ನಿಲ್ಲಿಸಿದ. ಮಹಾನಂದಾ ವೇದಿಕೆಗೆ ಹೋಗಿ ಸಹಿ ಹಾಕಿ ನೇರವಾಗಿ ನನ್ನ ಹತ್ತಿರ ಬಂದಳು. ಕಣ್ಣು ತುಂಬಿಕೊಂಡಿರಲಿಲ್ಲ, ನಗುತ್ತಲೂ ಇರಲಿಲ್ಲ. ನೆಟ್ಟಗೆ ನಿಂತಿದ್ದಳು.

"ಅರವತ್ತರ ತನಕ ಬಂದ್ರಲ್ರಿ ಮೇಡಂ," ಅಂದಳು. "ಹೋದ ವಾರ ನಲವತ್ತಕ್ಕ ಯಾಕ ಒಲ್ಲೆ ಅಂದ್ರಿ?"

ಅವಳಿಗೆ ಕ್ಯಾಪಿನ ವಿಷಯ, ಬೆಂಚಿನ ವಿಷಯ ಹೇಳಬಹುದಿತ್ತು. ಅನುರಾಗ್ ಹೇಳಲು ಬಾಯಿ ತೆರೆದೂ ಇದ್ದ. ನಾನು ಅವನ ಕಾಲು ತುಳಿದೆ. ಈ ಹುಡುಗಿಗೆ ನಾನು ಯಾವತ್ತೂ ಬಣ್ಣ ಕಟ್ಟಿ ಮಾತಾಡಿದವಳಲ್ಲ.

"ನೀನು ಎಲ್ಲಿಗೂ ಹೋಗಕ್ಕಾಗಲ್ಲ ಅಂದ್ಕೊಂಡಿದ್ದೆ ಕಣಮ್ಮ."

ಅವಳು ತಲೆಯಾಡಿಸಿದಳು, ಸಿಟ್ಟಿಲ್ಲದೆ. "ನಾನೂ ಹಂಗಽ ತಿಳ್ಕೊಂಡಿದ್ನಿ ಮೇಡಂ. ನೀವು ಬಿಟ್ಟ ಮ್ಯಾಲೆ ಗೊತ್ತಾತು."

ಹಾಗೆಂದು ಹೋಗಿ ಜಿಗಣಿಯವರ ಸಾಲಿನಲ್ಲಿ ಕೂತಳು. ಪಕ್ಕದವಳು ಏನೋ ಕೇಳಿದಳು, ಇವಳು ಕೈ ಆಡಿಸುತ್ತಾ ಏನೋ ವಿವರಿಸತೊಡಗಿದಳು, ಮೈದಾನದಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂದು ಇರಬೇಕು. ನನಗೆ ಹೊಟ್ಟೆ ಉರಿಯಿತು, ಹೆಮ್ಮೆಯೂ ಆಯಿತು. ಯಾವುದು ಜಾಸ್ತಿ ಎಂದು ಕೇಳಿದರೆ ಉರಿಯೇ ಜಾಸ್ತಿ.

ಮೈಕಿನಲ್ಲಿ ಮುಂದಿನ ಹೆಸರು ಕೂಗಿದರು. "ಪೀಣ್ಯ, ನಿಮ್ಮದು ಅರವತ್ತೂ ಹಾಗೇ ಇದೆ. ಕೂಗ್ತೀರಾ ಮೇಡಂ?" ಎಂದು ಕೇಳಿದರು. ಅನುರಾಗ್ ಬಯಸಿದ್ದ ಕ್ಯಾಪಿನ ಜಾಗವೆಲ್ಲ ನನ್ನ ಕೈಯಲ್ಲಿತ್ತು. ಕೊಳ್ಳುವುದಕ್ಕೆ ಅಲ್ಲಿ ನನಗೆ ಯಾರೂ ಕಾಣಲಿಲ್ಲ.