ಯುದ್ಧದಲ್ಲಿ ಮಡಿದವರ ಫೋನು

ನಂಬಿದರೆ ನಂಬಿ, ಇದು ನಡೆದದ್ದು. ಎರಡನೇ ಮಹಾಯುದ್ಧದಲ್ಲಿ ಮಡಿದ ನಮ್ಮೂರಿನವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಲು ಸೋದರಮಾವ ವರ್ಷಗಟ್ಟಲೆ ಹುಡುಕಾಡಿದ್ದರು. ಒಂದೂ ತಪ್ಪಾಗಬಾರದೆಂಬುದೇ ಅವರ ಚಿಂತೆ. ಕೆತ್ತನೆಯ ದಿನ ಬೆಳಿಗ್ಗೆ ನಾನು ತಮಾಷೆಗೆಂದು ಮುದುಕನ ದನಿಯಲ್ಲಿ ಅವರಿಗೆ ಫೋನಾಯಿಸಿದೆ.

"ನಿನ್ನ ಕಲ್ಲಿನ ಕೊನೇ ಸಿಪಾಯಿ ನಾನೇ ಕಣಪ್ಪ. ಗಟ್ಟಿಮುಟ್ಟಾಗಿದ್ದೀನಿ, ಯಾಕೆ ಸಾಯಿಸ್ತೀಯ?"

ಮಾವ ಚಪ್ಪಲಿಯನ್ನೂ ಮೆಟ್ಟದೆ ಕಲ್ಲುಕುಟಿಗನ ಅಂಗಡಿಗೆ ಓಡಿದರು. ನಾನೂ ಬೆನ್ನುಹತ್ತಿದೆ.

"ಕೊನೇ ಹೆಸರು ಕೆತ್ತಬೇಡಪ್ಪ, ಆಸಾಮಿ ಬದುಕಿದ್ದಾನೆ. ಈಗಷ್ಟೇ ಫೋನ್ ಮಾಡಿದ್ದ."

ಕಲ್ಲುಕುಟಿಗ ಪಟ್ಟಿಯ ಕೊನೇ ಹೆಸರು ಓದಿ ತಲೆ ಕೆರೆದುಕೊಂಡ. "ಇದು ನಮ್ಮ ತಾತ ಸಾರ್. ಯುದ್ಧದಿಂದ ವಾಪಸ್ ಬಂದು ಈ ಅಂಗಡಿ ಹಾಕಿದ್ದೇ ಅವರು. ಆದ್ರೆ ತೀರಿಕೊಂಡು ಎಷ್ಟೋ ವರ್ಷ ಆಯ್ತು, ಫೋನ್ ಹೇಗೆ ಮಾಡಿದ್ರು?"

ಮಾವ ನಿಧಾನವಾಗಿ ನನ್ನತ್ತ ತಿರುಗಿ ಕಿವಿ ಹಿಂಡಿದರು. "ಕೋತಿ, ನೀನು ಫೋನ್ ಮಾಡದಿದ್ರೆ ಬದುಕಿ ಬಂದವನನ್ನ ನಾನೇ ಕೊಂದುಬಿಡ್ತಿದ್ದೆ" ಎಂದು, ಹಿಡಿದ ಕಿವಿ ಬಿಡದೆ, ತಾವೇ ಜೋರಾಗಿ ನಕ್ಕರು.