ಒಂದೇ ಖೋಲಿಯಲ್ಲಿ

ದೇವಾನಂದ ಮತ್ತು ಅಂಬಾದಾಸ ಗುಲಬರ್ಗಾ ಕಡೆಯವರು. ಪುಣೆಯ ಕೊಂಢವಾದಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಟೈಲ್ಸ್ ಕೂಡಿಸುತ್ತ, ಹತ್ತಿರದಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದು ಒಟ್ಟಿಗೆ ಇದ್ದರು. ಪುಣೆಗೆ ಬರುವ ಮೊದಲು ದೇವಾನಂದನಿಗೆ ಮನಸ್ಸಿನ ಕಾಯಿಲೆಯಾಗಿತ್ತು. ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಊಟ, ನಿದ್ದೆ ಬಿಟ್ಟಿದ್ದ. ತಾಯಿ ಅಂಬಾಬಾಯಿ ಜೇಜುರಿಯ ದೇವರಿಗೆ ಹರಕೆ ಹೊತ್ತಳು, ದವಾಖಾನೆಗೂ ಕರೆದೊಯ್ದಳು. ಗುಳಿಗೆಯಿಂದ ಗುಣವಾಯಿತು. ಅದನ್ನು ಈಗಲೂ ನುಂಗುತ್ತಿದ್ದ. ಅಂಬಾದಾಸ ಕೇಳಿದಾಗ ಪಿತ್ತಕ್ಕೆ ಎಂದಿದ್ದ.

2003ರ ಬೇಸಿಗೆಯಲ್ಲಿ ಶೀತಲ ಎಂಬ ಕಾಲೇಜು ಹುಡುಗಿ ಅವರ ಕೆಲಸದ ಜಾಗಕ್ಕೆ ಬಂದಳು. ಪುಣೆಯಲ್ಲೇ ಬೆಳೆದ ಕನ್ನಡದವಳು. ಮನಸ್ಸಿನ ಕಾಯಿಲೆ ಬಂದವರನ್ನು ಹರೆಯದವರು ಎಷ್ಟು ದೂರ ಇಡುತ್ತಾರೆಂದು ಅಳೆಯುವುದು ಅವಳ ಅಧ್ಯಯನ. ಊಟದ ಬಿಡುವಿನಲ್ಲಿ ತಗಡಿನ ಶೆಡ್ಡಿನೊಳಗೆ ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತಿದ್ದಳು. ಹೊರಗೆ ಕಾಯುತ್ತಿದ್ದ ದೇವಾನಂದನಿಗೆ ಎಲ್ಲ ಕೇಳಿಸುತ್ತಿತ್ತು.

ಅಂಥವರ ಜೊತೆ ಒಂದೇ ಖೋಲಿಯಲ್ಲಿ ಇರುತ್ತೀರಾ ಎಂದು ಅವಳು ಅಂಬಾದಾಸನನ್ನು ಕೇಳಿದಳು.

“ಇಲ್ರಿ. ಮಲಗಿದಾಗ ತಲಿ ಮ್ಯಾಲ ಕಲ್ಲು ಹಾಕಿದ್ರ?”

ದೇವಾನಂದನಿಗೆ ಎದ್ದು ಹೋಗಿಬಿಡೋಣ ಅನಿಸಿತು. ಆಮೇಲೆ, ಹೀಗೆ ಅಂಜಿ ಅಂಜಿ ಬದುಕಿದ್ದು ಸಾಕು ಅನಿಸಿತು. ಒಳಗೆ ಹೋಗಿ ನೆಲ ನೋಡುತ್ತ ನಿಂತ.

“ಆ ಬ್ಯಾನಿ ನನಗ ಬಂದಿತ್ತು, ಅಂಬಾದಾಸ. ನಾ ತಗೊಳ್ಳೋ ಗುಳಿಗಿ ಅದರದ.”

ಅಂಬಾದಾಸ, ನನ್ನಿಂದ ಯಾಕೆ ಮುಚ್ಚಿಟ್ಟೆ ಎಂದು ಸಿಟ್ಟಾದ. ಹೇಳಿದ್ದರೆ ಇಟ್ಟುಕೊಳ್ಳುತ್ತಿದ್ದೆಯಾ ಎಂದು ದೇವಾನಂದ ಕೇಳಿದ. ಅಂಬಾದಾಸ ಅವನ ಮುಖ ನೋಡಿದ. ಕಳೆದ ಮಳೆಗಾಲದಲ್ಲಿ ತಾನು ಮಲೇರಿಯಾದಿಂದ ಮಲಗಿದ್ದಾಗ ಗಂಜಿ ಕಾಯಿಸಿ ಕುಡಿಸಿದವನು ಇವನೇ.

ಅಂಬಾದಾಸ ಶೀತಲಳತ್ತ ತಿರುಗಿ, ತನ್ನ ಉತ್ತರ ಬದಲಿಸಲು ಹೇಳಿದ. ತಿಳಿಯುವ ಮೊದಲು ಕೊಟ್ಟ ಉತ್ತರವೇ ತನ್ನ ಲೆಕ್ಕಕ್ಕೆ ಬರುವುದೆಂದು ಅವಳು ಮೆಲ್ಲಗೆ ಹೇಳಿದಳು. ಅವನಿಗೆ ನಾಚಿಕೆಯಾಯಿತು.

“ಇರಲಿ ಬಿಡ್ರಿ. ಆದ್ರ ಇವ ನನ್ನ ಖೋಲಿ ಬಿಟ್ಟು ಹೋಗಂಗಿಲ್ಲ.”

ಸಂಜೆ ಸ್ಟೋವಿನ ಮುಂದೆ ಕೂತು ಅಂಬಾದಾಸ ಎಲ್ಲ ಕೇಳಿ ತಿಳಿದುಕೊಂಡ. ಕಾಯಿಲೆ ಮತ್ತೆ ಬಂದರೆ ತನಗೆ ಹೇಗೆ ಗೊತ್ತಾಗಬೇಕು? ನಿದ್ದೆ ಬಿಟ್ಟರೆ ದವಾಖಾನೆಗೆ ಒಯ್ಯಿ ಎಂದ ದೇವಾನಂದ. ಕೆಲವು ದಿನ ಅಂಬಾದಾಸನಿಗೆ ಒಳಗೊಳಗೇ ಅಂಜಿಕೆ ಇತ್ತು. ಅದನ್ನೂ ಬಾಯಿಬಿಟ್ಟು ಹೇಳಿದ. ಕ್ರಮೇಣ ಮರೆತ.

ಆ ವಾರ ಭಾನುವಾರ ದೇವಾನಂದ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಿ, ಗೆಳೆಯನಿಗೆ ಎಲ್ಲ ಹೇಳಿಬಿಟ್ಟೆ ಎಂದ. ಅಂಬಾಬಾಯಿ ಗಾಬರಿಯಾಗಿ, ಹೊರಗೆ ಹಾಕಿದನೇನು ಎಂದು ಕೇಳಿದಳು.

“ಇಲ್ಲವ್ವ. ಪಲ್ಯಾದಾಗ ಉಪ್ಪು ಭಾಳ ಆಗ್ಯಾದ ಅಂತ ಬೈದ.”

ಆ ಕಡೆ ತಾಯಿ ನಗುವುದು ಕೇಳಿ, ಅವನೂ ನಕ್ಕ.